ಬುತ್ತಿಯೊಡನೆ ಮರಳಿ ಬಂದ ಪಂಪು

ನಾನು ಒಂದು ದಮ್ಮಿನ ಪಂಪು. ಡಾಕ್ಟರರು ಇನ್‌ಹೇಲರ್ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಹೊಟ್ಟೆಗೆ ಔಷಧಿ ತುಂಬಿ ನೀಲಿ ಅಂಗಿ ತೊಡಿಸಿದ ದಿನದಿಂದ ನನಗೆ ಸ್ವಲ್ಪ ಜಂಬ ಇದ್ದದ್ದು ನಿಜ. ಮಾತ್ರೆ ಹೊಟ್ಟೆಗಿಳಿದು, ಕರಗಿ, ರಕ್ತದೊಡನೆ ಮೈಯೆಲ್ಲ ಸುತ್ತಿ ಎದೆಗೆ ಬರುವಷ್ಟರಲ್ಲಿ ರೋಗಿಗೆ ಜೀವ ಹೋಗಿ ಬಂದಂತಾಗಿರುತ್ತದೆ. ನಾನು ಹಾಗಲ್ಲ. ಒಮ್ಮೆ ಒತ್ತಿ ಉಸಿರೆಳೆದರೆ ಸಾಕು, ನೇರ ಶ್ವಾಸಕೋಶಕ್ಕೇ.

ನನ್ನನ್ನು ಕೊಂಡವಳು ಚನ್ನವ್ವ, ಮಗಳು ದಾಕ್ಷಾಯಣಿಗಾಗಿ. ಚಿಕ್ಕಂದಿನಿಂದ ದಮ್ಮು ಇದ್ದ ಹುಡುಗಿ. ಮದುವೆ ಮಾತುಕತೆಯಲ್ಲಿ ಆ ವಿಷಯ ಯಾರೂ ಬಾಯಿ ಬಿಡಲಿಲ್ಲ. ಗೊತ್ತಾದರೆ ಬ್ಯಾಡಗಿಯ ಗಂಡಿನವರು ಎದ್ದು ಹೋಗುತ್ತಾರೆಂದು ಚನ್ನವ್ವನ ಭಯ. ಮದುವೆಯಾದ ಮೇಲೆ ಬುತ್ತಿಯ ಗಂಟಿನಲ್ಲಿ ಮುಚ್ಚಿಟ್ಟು, ಮಗನ ಕೈಯಲ್ಲಿ ನನ್ನನ್ನು ಕಳಿಸಿದಳು. ದಾಕ್ಷಾಯಣಿ ಬಚ್ಚಲಿಗೆ ಹೋಗಿ, ನನ್ನ ಸದ್ದು ಹೊರಗೆ ಕೇಳಬಾರದೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ಒತ್ತುತ್ತಿದ್ದಳು. ಅರ್ಧ ಔಷಧಿ ಸೆರಗಿಗೆ! ಥೂ, ಇದೂ ಒಂದು ಬಾಳೇ ಎಂದು ನಾನು ಉರಿಯುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ಅತ್ತೆ ಗುರುಶಾಂತವ್ವನ ಕೈಗೆ ಸಿಕ್ಕಿಬಿದ್ದೆ.

"ಇದು ದಮ್ಮಿನ ಪಂಪಲ್ಲೇನ? ಯಾರದವ್ವಾ?"

"ನಮ್ಮಣ್ಣಂದ್ರಿ ಅತ್ತಿ. ಮರ್ತು ಬಿಟ್ಟು ಹೋಗ್ಯಾನ್ರಿ," ಎಂದಳು ದಾಕ್ಷಾಯಣಿ.

ನನ್ನದೇ ಅಂತ ಹೇಳೇ ತಾಯಿ, ಎಂದು ನಾನು ಒಳಗೊಳಗೇ ಒದ್ದಾಡಿದೆ.

"ಅಯ್ಯ ಶಿವನೇ! ಅಂವಾ ಅಲ್ಲಿ ಉಸಿರಿಲ್ಲದ ಒದ್ದಾಡಾಕತ್ತಿರಬೇಕಲ್ಲ!"

ಮುದುಕಿ ಹೌಹಾರಿ, ನನ್ನನ್ನು ರೊಟ್ಟಿಯ ಜೊತೆ ಬಟ್ಟೆಯಲ್ಲಿ ಕಟ್ಟಿ ಬೆಳಗಿನ ಬಸ್ಸಿನ ಕಂಡಕ್ಟರನಿಗೆ ಕೊಟ್ಟೇಬಿಟ್ಟಳು. ಆ ಕಡೆ ಬುತ್ತಿ, ಔಷಧಿ ಎಲ್ಲ ಹೋಗುವುದು ಬಸ್ಸಿನಲ್ಲೇ. ದಾಕ್ಷಾಯಣಿ ಬಾಗಿಲಲ್ಲಿ ನಿಂತು ಬಸ್ಸು ಹೋಗುವುದನ್ನೇ ನೋಡಿದಳು.

ತವರಿನಲ್ಲಿ ಗಂಟು ಬಿಚ್ಚಿದ ಚನ್ನವ್ವ ನನ್ನನ್ನು ಕಂಡವಳೇ ಸೆರಗಿನಲ್ಲಿ ಮುಚ್ಚಿಕೊಂಡಳು. ನಾಳೆ ಮಗನ ಕೈಯಲ್ಲಿ ಗುಟ್ಟಾಗಿ ಕಳಿಸಿದರಾಯಿತು ಎಂದುಕೊಂಡಳು. ಆ ಮಧ್ಯಾಹ್ನವೇ ಬ್ಯಾಡಗಿಯ ಮನೆಯಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ಹುರಿದರು. ಒಲೆಯ ಮುಂದೆ ಕೂತವಳು ಸೊಸೆ. ಘಾಟಿಗೆ ಉಸಿರು ಕಟ್ಟಿ, ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತಂತೆ.

ಸಾವಿನ ಮನೆಗೆ ನಾನು ಚನ್ನವ್ವನ ಸಂಚಿಯಲ್ಲಿ ಹೋದೆ. ಗುರುಶಾಂತವ್ವ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು.

"ಒಮ್ಮಿಂದೊಮ್ಮೆಲೇ ದಮ್ಮು ಹತ್ತಿತ್ರೀ ಬೀಗ್ತಿ. ನಿಮ್ಮ ಮಗನ ಪಂಪು ಅವತ್ತೊಂದಿನ ಇಟ್ಕೊಂಡಿದ್ರ ನನ್ನ ಸೊಸಿ ಉಳೀತಿದ್ಲು. ಕಳಿಸಿ ನಾನ ಕೊಂದೆ!"

ಚನ್ನವ್ವ ಸಂಚಿಗೆ ಕೈಹಾಕಿ ನನ್ನನ್ನು ಬಿಗಿಯಾಗಿ ಹಿಡಿದಳು. "ನೀವೇನ್ ಮಾಡ್ತೀರಿ, ಅಕಿ ಹಣೀಬರಾ," ಎಂದಳು. ಕಿರಿಮಗಳ ಮದುವೆ ಇನ್ನೂ ಆಗಬೇಕಿತ್ತು.

ಈಗ ಚನ್ನವ್ವನ ಟ್ರಂಕಿನ ತಳದಲ್ಲಿ ಬಿದ್ದಿದ್ದೇನೆ. ಅವಧಿ ಮುಗಿದಿದೆ, ಔಷಧಿ ಉಳಿದಿದೆ. ಬ್ಯಾಡಗಿಯ ಮುದುಕಿ ತಾನೇ ಕೊಂದೆನೆಂದು ಕಂಡಕಂಡವರ ಮುಂದೆ ಈಗಲೂ ಅಳುತ್ತಾಳಂತೆ. ಅಲ್ಲ ಎಂದು ಹೇಳಬೇಕಾದವಳು ಇನ್ನೂ ಹೇಳಿಲ್ಲ.