ಮೂರೋ ಎಂಟೋ

ಮತ್ತೆ ಬಾಗಿತು ಗೆರೆ, ಟರ್ಮಿನಲ್ ಕಿಟಕಿಯ ಎಡಬದಿಯ ನೆಟ್ಟನೆಯ ಗೆರೆ, ನಡುವಿನಲ್ಲಿ ಒದ್ದೆ ಕಾಗದದಂತೆ ಸುಕ್ಕಾಯಿತು, ಇದು ಫಾಂಟಿನ ದೋಷವೆಂದೇ ಟೆಲ್ಲೆರ್ವೊ ಆರು ವಾರ ನಂಬಿದ್ದಳು, ಹನ್ನೊಂದಿದ್ದ ಅಕ್ಷರದ ಗಾತ್ರವನ್ನು ಹದಿನಾಲ್ಕು ಮಾಡಿದಳು, ಕಪ್ಪು ಹಿನ್ನೆಲೆ ತೆಗೆದು ಕೆನೆಬಣ್ಣ ಹಾಕಿದಳು, ಮಿಟುಕುವ ಕರ್ಸರನ್ನು ನಿಲ್ಲಿಸಿದಳು — ಕೊನೆಗೆ ಔಲು ಪಟ್ಟಣದ ಕಣ್ಣಿನ ಡಾಕ್ಟರು ಚೌಕಳಿ ಹಾಳೆಯೊಂದನ್ನು ಮುಂದೆ ಹಿಡಿದು, ಗೆರೆ ಹಾಳೇಲಿ ನೆಟ್ಟಗೇ ಇದೆ, ಬಾಗಿರೋದು ನಿಮ್ಮ ಕಣ್ಣಲ್ಲಿ, ಅಂದರು. ಯಾರಿಗೂ ಹೇಳಿಲ್ಲ, ಊರಿನ ಮನೆಗಳನ್ನೆಲ್ಲ ಬೆಚ್ಚಗಿಡಲು ಕೊಳವೆಗಳಲ್ಲಿ ಬಿಸಿನೀರು ಹರಿಸುವ ಈ ಕೇಂದ್ರದಲ್ಲಿ ಮೂವತ್ತೊಂದು ಚಳಿಗಾಲ ಕಳೆದವಳು, ಪಂಪುಗಳಿಗೆ ಆಜ್ಞೆ ಟೈಪು ಮಾಡುವವಳು, ಕಣ್ಣು ಕಾಣದವಳನ್ನು ಇಲ್ಲಿ ಯಾರು ಕೂರಿಸಿಕೊಂಡಾರು, ಮಂಗಳವಾರ ಪರದೆಯ ಮೇಲೆ ನಿಲ್ಲಿಸಬೇಕಾದ ಪಂಪು ಮೂರು ಅಂತಿತ್ತು, ಅವಳು ಎಂಟು ಎಂದು ಓದಿದಳು, ಎಂಟನೇ ಪಂಪು ನಿಲ್ಲಿಸಿದಳು, ಹೊರಗೆ ಮೈನಸ್ ಇಪ್ಪತ್ತಾರು, ಎಂಟರ ಕೊಳವೆ ಹೋಗುವುದು ವೃದ್ಧಾಶ್ರಮಕ್ಕೆ, ಎರಡು ಗಂಟೆ ಹೊತ್ತು ತಣ್ಣಗಾಯಿತು ಆಶ್ರಮ, ಇಬ್ಬರೂ ಕೂರುವ ಟರ್ಮಿನಲ್ಲು, ಆ ಪಾಳಿಯ ಹಾಳೆಯಲ್ಲಿದ್ದದ್ದು ಜೊತೆ ಕೆಲಸದ ಓಟ್ಸೊನ ಹೆಸರು, ಅವಳ ಹೆಸರಲ್ಲ, ಅವಳು ಬಾಯಿ ಬಿಡಲಿಲ್ಲ. ಈಗ ಹತ್ತಕ್ಕೆ ಹತ್ತು ನಿಮಿಷ, ಇನ್ನೊಂದು ಫಾಂಟು, ಮೂರರ ತಲೆ ಚಪ್ಪಟೆ ಇರುವಂಥದ್ದು, ಗಾತ್ರ ಇಪ್ಪತ್ತೆರಡು, ಉಳಿಸು, ಕಿಟಕಿ ಮುಚ್ಚಿ ತೆರೆ, ಬೇಗ — ಇದೇನಿದು ಟೆಲ್ಲೆರ್ವೊ, ಬೀದಿ ಆಚೆಯಿಂದ್ಲೇ ಓದ್ಬಹುದಲ್ಲ, ಬಸ್ಸಿಗೆ ಕಾಯೋರಿಗೂ ಕೆಲ್ಸ ಕಲಿಸ್ತೀಯಾ, ಓಟ್ಸೊ ಬಂದಿದ್ದಾನೆ, ಕಾಫಿ ಲೋಟ ಹಿಡಿದು, ನಗು ತುಟಿಯಲ್ಲಷ್ಟೇ ಇದೆ. ಹತ್ತಕ್ಕೆ ಮ್ಯಾನೇಜರ್ ಹೆನ್ರಿಕ್ಕಿ ನನ್ನ ಕರ್ದಿದಾನೆ ಕಣೇ, ಎಂಟು ಒತ್ತಿದ್ದು ನಂಗೆ ನೆನಪೇ ಇಲ್ಲ, ಆದ್ರೆ ಹಾಳೇಲಿ ನನ್ನ ಹೆಸ್ರಿದೆ, ಒತ್ತಿರ್ಬೇಕು. ಒತ್ತಿರ್ಬೇಕು ಅಂತಾನೆ, ಮಾಡದ ತಪ್ಪನ್ನು ನೆನಪಿಸಿಕೊಳ್ಳಲು ನಾಲ್ಕು ದಿನದಿಂದ ಒದ್ದಾಡಿದ್ದಾನೆ, ಸುಮ್ಮನಿದ್ದುಬಿಡು, ಇನ್ನು ಮೂರೇ ವರ್ಷ ನಿವೃತ್ತಿಗೆ, ಇವನಿಗೆ ವಯಸ್ಸಿದೆ, ಇನ್ನೆಲ್ಲಾದರೂ ಕೆಲಸ ಸಿಕ್ಕೀತು — ಓಟ್ಸೊ ಇನ್ನೂ ಹೇಳುತ್ತಿದ್ದಾನೆ, ಅವತ್ತು ವಾಲ್ವ್ ನೋಡೋಕೆ ಆಶ್ರಮಕ್ಕೆ ಹೋಗಿದ್ನಲ್ಲ, ಅಲ್ಲೊಬ್ಳು ಅಜ್ಜಿ, ಔನೆ ಅಂತ, ರಾತ್ರಿ ಅಂಗಿ ಮೇಲೆ ಕೋಟು ಹಾಕ್ಕೊಂಡು ಕೋಣೆ ಕಾಯಿಸೋ ಕಬ್ಬಿಣದ ರೇಡಿಯೇಟರ್ ಮೇಲೆ ಅಂಗೈ ಒತ್ತಿ ನಿಂತಿದ್ಳು, ಕೂತ್ಕೊಳ್ಳಿ ಅಂದ್ರೆ, ಈಗ ಬರುತ್ತೆ, ಬರ್ತಾ ಇದೆ ಅಂತಾಳೆ, ಕೈ ತೆಗೀಲೇ ಇಲ್ಲ. ಟೆಲ್ಲೆರ್ವೊಳ ಬೆರಳು ಕೀಲಿಗಳ ಮೇಲೆ ನಿಂತವು, ಒತ್ತಿದ್ದು ನೀನಲ್ಲ ಓಟ್ಸೊ, ನಾನು, ನಂಗೆ ಕಣ್ಣು ಕಾಣ್ಸಲ್ಲ, ಯಾರ ದನಿ ಇದು, ಅವಳದೇ, ಅವನು ಲೋಟ ಕೆಳಗಿಟ್ಟ, ಬಗ್ಗಿದ, ಹೊಸ ಫಾಂಟಿನ ದೊಡ್ಡ ಅಂಕೆಯೊಂದರ ಕೆಳಗೆ ಬೆರಳಿಟ್ಟ, ಇದೇನು ಹೇಳು, ಎಂಟು ಅಂದಳು ಅವಳು, ಅವನು ಮೆಲ್ಲಗೆ, ಮೂರು, ಟೆಲ್ಲೆರ್ವೊ, ಅಂದ. ಕೀಲಿಮಣೆಯನ್ನು ಅವನತ್ತ ಸರಿಸಿ ಎದ್ದಳು, ನೀನಿಲ್ಲೇ ಕೂತಿರು, ನಾನು ಹೋಗ್ತೀನಿ, ಮೊಗಸಾಲೆ, ಹೆನ್ರಿಕ್ಕಿಯ ಬಾಗಿಲು, ಹೇಳಿದಳು, ಎಲ್ಲವನ್ನೂ, ಡಾಕ್ಟರ ಹಾಳೆಯನ್ನೂ, ಹೆನ್ರಿಕ್ಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ನಾಲ್ಕು ದಿನ ಯಾಕೆ ಸುಮ್ನಿದ್ದೆ, ಕೇಳುತ್ತಿದ್ದಾನೆ, ಉತ್ತರ ಬೇಕು ಅವನಿಗೆ, ಅವಳಿಗೆ ಅವನ ಮುಖ ಕಾಣುತ್ತಿಲ್ಲ, ಕಾಣುತ್ತಿರುವುದು ಅಂಗೈ, ಮುದಿ ಅಂಗೈ, ಐದೂ ಬೆರಳು ಬಿಡಿಸಿ, ತಣ್ಣನೆಯ ಕಬ್ಬಿಣಕ್ಕೆ ಒತ್ತಿ ಹಿಡಿದ ಅಂಗೈ