ಪಟ್ಟಿ ಇಲ್ಲ, ಆದ್ದರಿಂದ ಏನೂ ಇಲ್ಲ

ಮತ್ತೆ ಹಾರ್ನ್, ಹಿಂದಿನ ಲಾರಿಯದೇ ಇರಬೇಕು, ಸ್ಫಾಕ್ಸ್ ಊರಿನ ತೋಟಗಳೆಲ್ಲ ಮಾತಾಡಿಕೊಂಡು ಇವತ್ತೇ ಆಲಿವ್ ಉದುರಿಸಿ ಇಲ್ಲಿಗೆ ಕಳಿಸಿದಂತಿದೆ, ಕಿಟಕಿ ಮುಚ್ಚಿದರೂ ಗಾಣದ ಹಿಂಡಿಯ ಕಮಟು ಒಳಗೇ ಸುತ್ತುತ್ತಿದೆ — ಹೋದ ಸುಗ್ಗಿಯ ಕೊನೆಗೆ ಇದೇ ವಾಸನೆಗೆ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತಿದ್ದೆ, ಈಗ ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲವಲ್ಲ ಎಂದೇ ಸಂಕಟ — ಪರದೆ ನೋಡು ರಾಧಿಯಾ, ಪರದೆ ನೋಡು. ಹೊಸ ತಂತ್ರಾಂಶ ಏರಿಸುತ್ತಿದ್ದಾಗಲೇ ಗಾಣದ ದೊಡ್ಡ ಮೋಟಾರು ಹಾಕಿದರು, ಕರೆಂಟು ಹೋಯಿತು, ತನ್ನೊಳಗೆ ಏನೇನಿದೆ ಎಂದು ಈ ಲಿನಕ್ಸ್ ಯಂತ್ರ ಬರೆದಿಟ್ಟುಕೊಳ್ಳುವ ದಾಖಲೆ ನಟ್ಟನಡುವೆ ಹರಿಯಿತು, ಒಂದು ಸಾಲಿನ ಅರ್ಧದವರೆಗೆ ಅಕ್ಷರ, ಆಮೇಲೆ ಬರೀ ಸೊನ್ನೆ, ಲಾರಿ ತೂಗುವ ಕಟ್ಟೆ ನಿಂತಿದೆ, ರಜೆ ಮುಗಿಸಿ ಬಂದ ಮೊದಲ ದಿನವೇ ಇದು ನನಗೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಯಾರೂ ಏನೂ ಕೇಳಲಿಲ್ಲ, ಬಂದೆಯಾ, ಸದ್ಯ, ಯಂತ್ರ ಕೈಕೊಟ್ಟಿದೆ ನೋಡು ಅಂದರು ಅಷ್ಟೆ. ಹರಿದ ಸಾಲಿನಲ್ಲಿ ಎರಡು ಮಾತು ಉಳಿದಿವೆ, ಈ ದಾಖಲೆಯಲ್ಲಿ ಯಾವಾಗಲೂ ಎರಡು ಮಾತು ಇರುತ್ತವೆ, ಏನು ಬೇಕೆಂದಿದ್ದೆವು, ಏನಾಗಿದೆ — ಬೇಕೆಂದಿದ್ದು ಪೂರ್ತಿ ಇರಲೆಂದು, ಆಗಿರುವುದು ಅರ್ಧ. ಎಷ್ಟೋ ವರ್ಷದಿಂದ ಓದಿದ ಸಾಲು, ಇವತ್ತು ಓದಲು ಆಗುತ್ತಿಲ್ಲ. ಏನವ್ವಾ ಡಾಕ್ಟರಮ್ಮ, ರೋಗಿ ಉಳೀತಾನೋ ಇಲ್ಲ ಮಣ್ಣು ಮಾಡೋದೋ, ಹೊರಗೆ ಆ ಡ್ರೈವರುಗಳು ನನ್ನ ಚರ್ಮ ಸುಲೀತಿದಾರೆ — ಕಟ್ಟೆಯ ಹಮ್ಮಾದಿ, ಮುದುಕ, ಬಾಗಿಲಲ್ಲಿ ನಿಂತು ಎಂದಿನ ಹಾಗೆ ಹೇಳಿದ್ದು, ಹೇಳಿದ ಮೇಲೆ ಮುಖ ಕಪ್ಪಿಟ್ಟಿತು, ಕಾಫಿ ಲೋಟ ಮೇಜಿನ ಮೇಲಿಟ್ಟ, ಸಕ್ಕರೆ ಹಾಕಿದೀನಿ, ಕಲಕ್ಕೋ ಅಂದ, ನೆಲ ನೋಡಿಕೊಂಡೇ ಹೋದ. ಉಳೀತಾನೆ ಹಮ್ಮಾದಿ, ಇವನು ಉಳೀತಾನೆ, ಇವನಿಗೆ ನಿನ್ನೆಯ ಪ್ರತಿ ಇದೆ.

ಹೌದು, ಅದೊಂದು ಹೊಟ್ಟೆಕಿಚ್ಚು. ಇವತ್ತಿನದು ಕೆಟ್ಟರೆ ಇರಲೆಂದು ಯಂತ್ರ ನಿನ್ನೆಯ ದಾಖಲೆಯನ್ನು ಪಕ್ಕದಲ್ಲಿ ಎತ್ತಿಟ್ಟಿರುತ್ತದೆ, ಅದನ್ನು ತಂದು ಇವತ್ತಿನ ಜಾಗದಲ್ಲಿಟ್ಟರೆ ನಂಬಿಬಿಡುತ್ತದೆ, ನಡುವೆ ಏನೂ ನಡೆದೇ ಇಲ್ಲ — ತಂದೆ, ಇಟ್ಟೆ, ನಂಬಿತು. ಯಾವ ದಿನದ ಪ್ರತಿ ಕೇಳಲಿ ನಾನು, ಹೊಟ್ಟೆಯೊಳಗಿಂದ ಅವಳು ಪಕ್ಕೆಗೆ ಒದ್ದು ನಾನು ಚೀರಿ ನನ್ನ ಗಂಡ ಮೊಂಸೆಫ್ ಹಾಲಿನ ಪಾತ್ರೆ ಬೀಳಿಸಿದನಲ್ಲ, ಆ ಬೆಳಗ್ಗೆ ಸಾಕು. ಅತ್ತೆ ಬಾಣಂತಿಗೆಂದು ಎಳ್ಳು ಹುರಿದು ಜೇನು ಬೆರೆಸಿ ಝ್ರೀರ್ ಮಾಡಿ ಬಾಟಲಿ ತುಂಬಿಸಿದ್ದರು, ಆಸ್ಪತ್ರೆಯಿಂದ ಬರುವಷ್ಟರಲ್ಲಿ ಒಂದೂ ಇರಲಿಲ್ಲ, ಪಕ್ಕದವರಿಗೆ ಕೊಟ್ಟೆ ಅಂದರು, ಇಟ್ಕೊಂಡು ಏನು ಮಾಡ್ಲಿ, ನಿನ್ನ ಕಣ್ಣಿಗೆ ಬೀಳಬಾರ್ದು ಅಂತ. ತೊಟ್ಟಿಲೂ ಇಲ್ಲ, ಅಂಗಿಯೂ ಇಲ್ಲ. ಉಸಿರೇ ಆಡ್ಲಿಲ್ಲ ಕಣಮ್ಮಾ, ಲೆಕ್ಕಕ್ಕೇ ಬರೋದಲ್ಲ ಅದು, ವಯಸ್ಸಿದೆ ನಿಂಗೆ, ಎದ್ದು ಮುಖ ತೊಳ್ಕೋ. ಕೆಟ್ಟವರಲ್ಲ ಅತ್ತೆ, ನನ್ನ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದವರೂ ಅವರೇ. ಹಾಲು ನಿಲ್ಲುತ್ತೆ ಅಂದರು, ನಿಂತಿಲ್ಲ, ಈಗಲೂ ಅಂಗಿಯೊಳಗೆ ಬೆಚ್ಚಗೆ ಒದ್ದೆ, ಎಲ್ಲರಿಗೂ ಗೊತ್ತಾಗಿದೆ, ನನ್ನ ಮೈಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಈಗ ಯಂತ್ರವನ್ನು ನಡೆಸಿ ನೋಡು — ಸಾಲುಗಳು ಓಡುತ್ತಿವೆ, ಸರಿ, ಸರಿ, ಇದೂ ಸರಿ, ನಿಂತಿತು. ತೂಕದ ತಂತ್ರಾಂಶದ ಹತ್ತಿರ ನಿಂತಿತು, ಪರದೆಯ ಮೇಲೆ ಯಂತ್ರದ ಮಾತು. ಈ ಪ್ಯಾಕೇಜಿನ ಕಡತಗಳ ಪಟ್ಟಿ ಕಾಣೆಯಾಗಿದೆ. ಆದ್ದರಿಂದ ಇದರ ಯಾವ ಕಡತವೂ ಇಲ್ಲಿ ಇಲ್ಲವೆಂದು ಭಾವಿಸಲಾಗಿದೆ. ಥೂ ನಿನ್ನ. ಇದೆಯಲ್ಲೋ, ಡಿಸ್ಕಿನ ಮೇಲೆ ಇದೆ, ಒಂದೊಂದನ್ನೂ ತೆಗೆದು ತೋರಿಸಬಲ್ಲೆ, ಜಾಗ ಹಿಡಿದುಕೊಂಡು ಕೂತಿವೆ, ಪಟ್ಟಿ ಕಳೆದುಹೋದ ಮಾತ್ರಕ್ಕೆ ಇಲ್ಲವೆಂದು ಹೇಗೆ ಭಾವಿಸುತ್ತೀಯ, ಯಾರು ಹೇಳಿಕೊಟ್ಟರು ನಿನಗೆ ಹೀಗೆ ಭಾವಿಸಲು. ಕೂದಲಿತ್ತು ಅವಳಿಗೆ, ಒದ್ದೆ ಕೂದಲು, ಕಪ್ಪಗೆ, ದಾದಿ ಬಟ್ಟೆಯಲ್ಲಿ ಸುತ್ತುವಾಗ ಕಂಡೆ, ಎಡ ಕಿವಿ ಮಡಿಸಿಕೊಂಡಿತ್ತು, ಬಿಡಿಸಲು ಕೈ ಚಾಚಿದೆ, ಅಷ್ಟರಲ್ಲಿ ಒಯ್ದರು. ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಮೊಂಸೆಫ್ ಒಯ್ದ, ಬಂದ, ಕೈ ತೊಳೆದ, ಊಟ ಮಾಡಿದ. ಎಲ್ಲಿ ಅಂತ ಕೇಳಿದೆ. ಅಲ್ಲೇ ರಾಧಿಯಾ, ಎಲ್ರೂ ಇರೋ ಕಡೆ, ನೋಡೋಕೆ ಅಲ್ಲೇನಿದೆ. ಅಂದಿನಿಂದ ಆ ಮಣ್ಣನ್ನು ನಾನೇ ಎಲ್ಲೆಲ್ಲೋ ಇಟ್ಟು ನೋಡುತ್ತಿದ್ದೇನೆ, ಮೊಳದುದ್ದದ ದಿಬ್ಬ, ಒಮ್ಮೆ ಗೋಡೆಯ ಬುಡಕ್ಕೆ, ಒಮ್ಮೆ ಕಳ್ಳಿಯ ಬೇಲಿಗೆ ಒತ್ತಿ, ಮಳೆ ಬಂದರೆ ಕರಗಿ ಸಪಾಟಾಗುವ ಬರಿಯ ಮಣ್ಣು. ಹೆಸರೂ ಇಲ್ಲ. ಹುಟ್ಟೋ ಮುಂಚೆ ಹೆಸರು ಆರಿಸ್ಬಾರ್ದು, ಕಣ್ಣು ಬೀಳತ್ತೆ ಅಂದಿದ್ದರು ಅತ್ತೆ, ಆರಿಸಲಿಲ್ಲ, ಕರೆಯಲು ಒಂದು ಹೆಸರನ್ನೂ ಉಳಿಸಿಕೊಳ್ಳಲಿಲ್ಲ.

ಪ್ಯಾಕೇಜನ್ನು ಅದರ ಮೇಲೆಯೇ ಇನ್ನೊಮ್ಮೆ ಸ್ಥಾಪಿಸಿದರೆ ಪಟ್ಟಿ ತಾನಾಗಿ ಹುಟ್ಟುತ್ತದೆ, ಅದಿಷ್ಟೇ ಮದ್ದು, ಆಜ್ಞೆ ಕೊಟ್ಟೆ, ಕೂತೆ. ಕಾಫಿ ಆರಿದೆ. ಕೈ ಯಾಕೆ ಫೋನಿಗೆ ಹೋಯಿತೋ, ಮೊಂಸೆಫ್ ಪಾಠ ಹೇಳುವ ಶಾಲೆಯ ಬಿಡುವಿನ ಹೊತ್ತು, ಅವನ ದನಿಯ ಹಿಂದೆ ಮಕ್ಕಳ ಗದ್ದಲ, ಏನಾಯ್ತು, ಹುಷಾರಾಗಿದೀಯಾ. ಎಲ್ಲಿ ಮೊಂಸೆಫ್. ಏನು ಎಲ್ಲಿ. ನಿಂಗೊತ್ತು ಏನು ಅಂತ. ಮಕ್ಕಳ ಗದ್ದಲ ದೂರವಾಯಿತು, ಬಾಗಿಲು ಹಾಕಿಕೊಂಡಿರಬೇಕು. ಸಮುದ್ರದ ಕಡೆ ಗೋಡೆ ಇದ್ಯಲ್ಲ, ಅಲ್ಲಿ, ಅಂದ. ಗುರುತಿದೆಯಾ. ಇದೆ. ಏನು ಗುರುತು. ಹೇಳ್ಬೇಕು ಅಂತಿದ್ದೆ ಕಣೇ, ಆಗ್ಲಿಲ್ಲ, ನೀನು ಅಪಶಕುನ ಅಂತ ಹೆದರ್ತೀಯ ಅಂತ, ಅಮ್ಮಂಗೂ ಹೇಳಿಲ್ಲ. ಅಳುತ್ತಿದ್ದಾನೆ, ಮೇಷ್ಟ್ರು, ಶಾಲೆಯ ಯಾವುದೋ ಕೋಣೆಯಲ್ಲಿ ನಿಂತು ಅಳುತ್ತಿದ್ದಾನೆ, ಊಟ ಮಾಡಿದನೆಂದು ಇಷ್ಟು ದಿನ ಅವನನ್ನು ಒಳಗೊಳಗೇ ಶಪಿಸುತ್ತಿದ್ದೆ. ಗುಂಡಿ ತೋಡೋನು ತಲೆ ಕಡೆ ಒಂದು ಹಂಚು ನೆಟ್ಟು, ಡಾಂಬರಿನ ಕುಂಚ ಹಿಡ್ಕೊಂಡು ಕೇಳ್ದ, ಗಂಡೋ ಹೆಣ್ಣೋ, ಹೆಣ್ಣು ಅಂದೆ. ಹೆಸರೇನು ಅಂದ. ಹೆಸರಿಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ ರಾಧಿಯಾ, ಅವನು ಕುಂಚ ಅದ್ಕೊಂಡು ಕಾಯ್ತಿದ್ದ, ಏನು ನೆನೆಸ್ಕೊಂಡ್ರೂ ನಿನ್ನ ಹೆಸರೇ ಬಂತು, ಅದನ್ನೇ ಹೇಳ್ದೆ, ಅವನು ಬರ್ದ. ಪರದೆಯ ಮೇಲೆ ಸಾಲುಗಳು ಮುಗಿದಿವೆ, ತಪ್ಪೇನೂ ಇಲ್ಲ, ಹೊರಗೆ ಹಮ್ಮಾದಿ ಬಾ ಬಾ ಬಾ ಎಂದು ಲಾರಿಯನ್ನು ಕಟ್ಟೆಗೆ ಕರೆಯುತ್ತಿದ್ದಾನೆ, ತೂಕ ಬರುತ್ತಿದೆ, ಎಲ್ಲ ಸರಿಯಾಗಿದೆ, ಎಲ್ಲ — ಫೋನಿನಲ್ಲಿ ಅವನು ಕರೆಯುತ್ತಲೇ ಇದ್ದಾನೆ, ರಾಧಿಯಾ, ಕೇಳಿಸ್ತಿದ್ಯಾ, ರಾಧಿಯಾ, ಯಾರನ್ನು ಕರೆಯುತ್ತಿದ್ದೀಯ ಮೊಂಸೆಫ್ — ಸಮುದ್ರದ ಕಡೆಯ ಗೋಡೆ, ಮೊಳದುದ್ದದ ದಿಬ್ಬ, ತಲೆಯ ಕಡೆಗೆ ಸುಣ್ಣ ಬಳಿದ ಒಂದು ಹಂಚು, ಹಂಚಿನ ಮೇಲೆ ದಪ್ಪ ಕುಂಚದ ಡಾಂಬರು, ಒಣಗುವ ಮೊದಲೇ ಒಂದಕ್ಷರ ಕೆಳಕ್ಕೆ ಇಳಿದಿದೆ, ರಾಧಿಯಾ — ಬಿಳಿ ಹಂಚು, ಕಪ್ಪು ಡಾಂಬರು, ರಾಧಿಯಾ —