ಮೂರು ತಿಂಗಳು ಬಿಟ್ಟು ಬನ್ನಿ

ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ — ಎದುರು ಗೋಡೆಯ ಬೋರ್ಡು, ಎಷ್ಟು ಓದಿದರೂ ಕಣ್ಣು ಮತ್ತೆ ಅಲ್ಲಿಗೇ, ಬೇರೆಲ್ಲಿ ನೋಡಲಿ, ಪ್ಯಾಂಟು ಮೊಣಕಾಲಿಗೆ ಇಳಿದಿದೆ, ಹೊಟ್ಟೆಯ ಮೇಲೆ ಟವೆಲು, ಕೆಳಗೆ ತಣ್ಣನೆಯ ಜೆಲ್ಲು, ಡಾಕ್ಟರ್ ಚೇತನಾ ಸ್ಕ್ಯಾನಿಂಗ್ ಹಿಡಿಯನ್ನು ಬಲಗಡೆಯ ಬೀಜದ ಮೇಲೆ ಹೊರಳಿಸುತ್ತಿದ್ದಾರೆ — ಭ್ರೂಣದ್ದಲ್ಲದಿದ್ದರೂ ನನ್ನದನ್ನಂತೂ ಬೇರೆ ಡಾಕ್ಟರು ಪತ್ತೆ ಮಾಡಿಬಿಟ್ಟಿದ್ದಾರೆ, ಮೂವತ್ತಾರನೇ ವಯಸ್ಸಿಗೆ, ರಕ್ತ ತೆಗೆದು, ಗಂಡಸಿಗೆ ಒಂದು ಎಕ್ಸು ಒಂದು ವೈ ಇರಬೇಕು ಚನ್ನವೀರೇಶ್, ನಿಮಗೆ ಇನ್ನೊಂದು ಎಕ್ಸು ಜಾಸ್ತಿ ಇದೆ, ಹುಟ್ಟಿದಾಗಿಂದ್ಲೇ, ಅದಕ್ಕೇ ಬೀಜ ಚಿಕ್ಕದು, ಅದಕ್ಕೇ ಮಕ್ಕಳಾಗಿಲ್ಲ. ಹುಟ್ಟಿದಾಗಿಂದಲೇ ಇದ್ದರೆ ರಕ್ಷಾಳನ್ನು ಆರು ವರ್ಷ ಇಂಥ ಮಂಚಗಳ ಮೇಲೆ ಮಲಗಿಸಿದ್ದು ಯಾಕೆ, ಹೆಂಡತಿಯಾದ ತಪ್ಪಿಗೆ ಸೂಜಿ, ಕಷಾಯ, ಸೋಮವಾರದ ಉಪವಾಸ, ವಿಜಯನಗರದಿಂದ ಕೆಂಗೇರಿವರೆಗೆ ಅಮ್ಮ ಒಬ್ಬ ಡಾಕ್ಟರನ್ನೂ ಬಿಡಲಿಲ್ಲ, ಪ್ಯಾಂಟು ಬಿಚ್ಚಪ್ಪ ಅಂತ ನನಗೆ ಮಾತ್ರ ಯಾರೂ ಹೇಳಲಿಲ್ಲ, ಮೀಸೆ ಇದೆಯಲ್ಲ, ಮಾಗಡಿ ರೋಡಿನಲ್ಲಿ ನಲ್ಲಿ ಪೈಪಿನ ಅಂಗಡಿ ಇದೆಯಲ್ಲ, ನಮ್ಮ ಹುಡುಗನಿಗೆ ಏನಾಗೈತಿ ಧಾಡಿ ಅಂತಿದ್ದಳು ಶಿವಕ್ಕ, ನನ್ನ ಹಡೆದವ್ವ.

ಕೊನೆಗೆ ಡಾಕ್ಟರು ಕೈ ಇಟ್ಟು ನೋಡಿದರೆ ಬೀಜದಲ್ಲಿ ಗಂಟು. ಹೋದ ವಾರ ರಾಜಾಜಿನಗರದ ಆ ಸರ್ಜನ್, ನನ್ನ ಮುಖ ಸಹ ನೋಡದೆ, ಗಂಟು ಅಂದ್ರೆ ಕ್ಯಾನ್ಸರ್ ಅಂತಾನೇ ತಗೋಬೇಕು, ಬೀಜಾನೇ ತೆಗೆದುಬಿಡೋಣ, ಹೇಗೂ ಕೆಲಸಕ್ಕೆ ಬರಲ್ವಲ್ಲ. ಕೆಲಸಕ್ಕೆ ಬರಲ್ವಲ್ಲ! ತುಕ್ಕು ಹಿಡಿದ ನಲ್ಲಿಯ ಬಗ್ಗೆ ಗಿರಾಕಿಗೆ ನಾನು ಹೇಳುವ ಮಾತು, ಅವನ ಬಾಯಿಗೆ ಮಣ್ಣು ಹಾಕ — ಆದರೂ ಹೆದರಿಕೆ, ನಿಜಕ್ಕೂ ಕ್ಯಾನ್ಸರ್ ಆಗಿದ್ದರೆ, ಸತ್ತರೆ — ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂದವಳು ರಕ್ಷಾ, ಕರೆತಂದವಳೂ ಅವಳೇ. ಇಲ್ನೋಡಿ ಅಂತ ಚೇತನಾ ಪರದೆ ತಿರುಗಿಸುತ್ತಾರೆ, ಬೂದಿ ಬಣ್ಣದ ನಡುವೆ ದುಂಡಗೆ ಒಂದು ಕಪ್ಪು ಚುಕ್ಕೆ, ಬಟಾಣಿಗಿಂತ ಚಿಕ್ಕದು. ನಿಮ್ಮ ಥರ ಕ್ರೋಮೋಸೋಮ್ ಇರೋರಲ್ಲಿ ಹಾರ್ಮೋನಿನ ಜೀವಕೋಶಗಳು ಹೀಗೆ ಗಂಟು ಕಟ್ಟೋದುಂಟು, ಬಹಳಷ್ಟು ಸಲ ಕ್ಯಾನ್ಸರ್ ಆಗಿರಲ್ಲ, ಕ್ಯಾನ್ಸರಿಗೆ ಮಾಡಿದ ರಕ್ತದ ಪರೀಕ್ಷೇನೂ ಚೆನ್ನಾಗಿದೆ, ಇರೋ ಅಷ್ಟಿಷ್ಟು ಹಾರ್ಮೋನ್ ಬರ್ತಿರೋದು ಈ ಬೀಜಗಳಿಂದ್ಲೇ, ಅವಸರ ಪಟ್ಟು ತೆಗೆಸ್ಬೇಡಿ. ಹಾಗಾದ್ರೆ ಏನೂ ಇಲ್ವಾ ಅನ್ನುತ್ತೇನೆ. ಹಾಗೆ ಹೇಳಕ್ಕಾಗಲ್ಲ, ಮೂರು ತಿಂಗಳು ಬಿಟ್ಟು ಬನ್ನಿ, ಬೆಳೆದಿದೆಯಾ ನೋಡೋಣ.

ಬೆಳೆದಿದೆಯಾ ನೋಡೋಣ — ಆರು ವರ್ಷ ಮನೆಮಂದಿಯೆಲ್ಲ ಕಿವಿ ನೆಟ್ಟು ಕಾದದ್ದು ಇದೇ ಮಾತಿಗೆ, ರಕ್ಷಾಳ ಹೊಟ್ಟೆಯ ವಿಷಯಕ್ಕೆ, ಸಿಕ್ಕಿತು ನೋಡು, ನನಗೆ ಸಿಕ್ಕಿತು, ನೆಮ್ಮದಿಯಾಗಬೇಕಿತ್ತು, ನಗು ಬರುತ್ತಿದೆ, ಜೆಲ್ಲು ಒರೆಸಿಕೊಂಡಷ್ಟೂ ಅಂಟುತ್ತಿದೆ, ಪ್ಯಾಂಟು ಏರಿಸಿ ಬಾಗಿಲು ತೆಗೆದರೆ ಬೆಂಚಿನ ತುಂಬ ಬಸುರಿಯರು, ಅವರ ನಡುವೆ ಅಮ್ಮ, ಕೇಳಿದವರಿಗೆ ಹರ್ನಿಯಾ ಅಂತ ಹೇಳು ಅಂತ ಕಿವಿಯಲ್ಲಿ ಪಿಸುಗುಡುತ್ತಾಳೆ, ಏನಂದರು ಅಂತ ಕೇಳುವುದಿಲ್ಲ, ಕೇಳುವುದೇ ಇಲ್ಲ. ರಕ್ಷಾ ಮಾತ್ರ ನನ್ನ ಕೈಯಿಂದ ಸ್ಕ್ಯಾನಿನ ಫಿಲ್ಮು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ, ಪಕ್ಕದ ಬಸುರಿಯೂ ತನ್ನದನ್ನು ಹಾಗೇ ಹಿಡಿದಿದ್ದಾಳೆ, ರಕ್ಷಾಳ ಬೆರಳು ಬೂದಿ ಬಣ್ಣದಲ್ಲಿ ಹುಡುಕುತ್ತದೆ, ನಿಲ್ಲುತ್ತದೆ, ಇದೇನಾ ರೀ, ಹೂಂ ಅನ್ನುತ್ತೇನೆ, ಬೆರಳು ತೆಗೆಯುವುದಿಲ್ಲ ಅವಳು, ಸವರುತ್ತಾಳೆ, ದುಂಡಗಿನ ಆ ಕಪ್ಪು ಚುಕ್ಕೆ, ಅವಳ ಬೆರಳು, ಕಪ್ಪು ಚುಕ್ಕೆ —